ಮಗುವಿನ ಮಾತು ಮತ್ತು ಸಂವಹನ: ಪೋಷಕರು ಪದೇ ಪದೇ ಕೇಳುವ ಪ್ರಶ್ನೆಗಳು

ಹುಟ್ಟಿನಿಂದ ಐದಾರು ವರ್ಷದವರೆಗಿನ ಮಕ್ಕಳ ಮಾತಿನ ಬಗ್ಗೆ ತಂದೆ ತಾಯಂದಿರು, ಅಜ್ಜ ಅಜ್ಜಿಯರು, ಶಿಶುವಿಹಾರದ ಶಿಕ್ಷಕರು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಟ್ಟುಗೂಡಿಸಿ ಉತ್ತರಿಸಿದ್ದೇನೆ. ಎಲ್ಲವನ್ನೂ ಒಮ್ಮೆಗೇ ಓದಬೇಕಾಗಿಲ್ಲ. ನಿಮ್ಮನ್ನು ಕಾಡುತ್ತಿರುವ ಪ್ರಶ್ನೆಗೆ ನೇರವಾಗಿ ಹೋಗಿ. ಮೊದಲ ಪ್ರಶ್ನೆಯನ್ನು ಮಾತ್ರ ಬಿಡಬೇಡಿ, ಉಳಿದ ಉತ್ತರಗಳೆಲ್ಲ ಅದನ್ನು ಆಧರಿಸಿವೆ.

ಮಗುವಿಗೆ ಇನ್ನೂ ಮಾತು ಬಂದಿಲ್ಲ. ಮೊದಲು ಏನನ್ನು ಗಮನಿಸಬೇಕು?

ಎಷ್ಟು ಪದ ಬರುತ್ತದೆ ಎಂಬುದನ್ನು ಆಮೇಲೆ ಎಣಿಸೋಣ. ಮೊದಲು ಮಗು ನಿಮ್ಮೊಂದಿಗೆ ಒಡನಾಡುತ್ತಿದೆಯೇ ನೋಡಿ. ಬೇಕಾದ ವಸ್ತುವಿನತ್ತ ಬೆರಳು ತೋರಿಸಿ, ಒಮ್ಮೆ ನಿಮ್ಮ ಮುಖ ನೋಡಿ, ಮತ್ತೆ ವಸ್ತುವನ್ನು ನೋಡುತ್ತದೆಯೇ? ಆಕಾಶದಲ್ಲಿ ವಿಮಾನ ಕಂಡಾಗ, ಅದು ತನಗೆ ಬೇಕೆಂದಲ್ಲ, ನೀವೂ ನೋಡಲಿ ಎಂದು ತೋರಿಸುತ್ತದೆಯೇ? ನೀವು ಕೈಸನ್ನೆ ಮಾಡದೆ ಬರೀ ಬಾಯಲ್ಲಿ ‘ಚೆಂಡು ತಾ’ ಎಂದರೆ ತರುತ್ತದೆಯೇ? ಬಾಗಿಲ ಹಿಂದೆ ಅಡಗಿ ಇಣುಕಿದರೆ, ಇನ್ನೊಮ್ಮೆ ಇಣುಕಲಿ ಎಂದು ಕಾಯುತ್ತದೆಯೇ?

ಇವೆಲ್ಲವೂ ಸಂವಹನವೇ. ಮಾತು ಇದರ ಮೇಲೆ ಬೆಳೆಯುತ್ತದೆ. 18 ತಿಂಗಳ ಇಬ್ಬರು ಮಕ್ಕಳನ್ನು ಊಹಿಸಿಕೊಳ್ಳಿ. ಒಂದು ಮಗುವಿಗೆ ಒಂದೆರಡು ಪದ ಮಾತ್ರ ಬರುತ್ತದೆ. ಆದರೆ ಅದು ನಿಮ್ಮ ಕೈ ಹಿಡಿದು ಎಳೆಯುತ್ತದೆ, ತೋರಿಸುತ್ತದೆ, ತಲೆಯಾಡಿಸುತ್ತದೆ, ಹೇಳಿದ್ದೆಲ್ಲ ಅದಕ್ಕೆ ಅರ್ಥವಾಗುತ್ತದೆ. ಇನ್ನೊಂದಕ್ಕೆ ಬಣ್ಣಗಳ ಹೆಸರು, ಒಂದರಿಂದ ಹತ್ತರವರೆಗಿನ ಎಣಿಕೆ ಎಲ್ಲ ಬಾಯಿಪಾಠ, ಆದರೆ ಯಾರನ್ನೂ ಉದ್ದೇಶಿಸಿ ಅದು ಏನನ್ನೂ ಹೇಳುವುದಿಲ್ಲ, ಕರೆದರೆ ತಿರುಗುವುದಿಲ್ಲ. ಮನೆಯವರು ಸಾಮಾನ್ಯವಾಗಿ ಮೊದಲ ಮಗುವಿನ ಬಗ್ಗೆ ಚಿಂತಿಸುತ್ತಾರೆ, ಎರಡನೆಯದರ ಬಗ್ಗೆ ಹೆಮ್ಮೆಪಡುತ್ತಾರೆ. ನನಗೆ ಎರಡನೆಯ ಮಗುವಿನ ಬಗ್ಗೆಯೇ ಹೆಚ್ಚು ಕಾಳಜಿ.

ಮಗು ಮಾತು ಕಲಿಯಲು ತೊಡಗುವುದು ಯಾವಾಗ?

ಹುಟ್ಟುವ ಮುನ್ನವೇ. ಗರ್ಭದ ಕೊನೆಯ ತಿಂಗಳುಗಳಲ್ಲಿ ಶಿಶುವಿಗೆ ಹೊರಗಿನ ದನಿ, ಅದರಲ್ಲೂ ತಾಯಿಯ ದನಿ ಕೇಳಿಸುತ್ತದೆ. ಹುಟ್ಟಿದ ಕೆಲವೇ ದಿನಗಳಲ್ಲಿ ಶಿಶು ಬೇರೆ ಹೆಂಗಸಿನ ದನಿಗಿಂತ ತಾಯಿಯ ದನಿಯನ್ನು ಹೆಚ್ಚು ಬಯಸುತ್ತದೆ ಎಂಬುದು 1980ರ ಪ್ರಯೋಗವೊಂದರಲ್ಲಿ ಸ್ಪಷ್ಟವಾಯಿತು.

ಇನ್ನೊಂದು ಪ್ರಯೋಗ ಕನ್ನಡಿಗರಾದ ನಮಗೆ ವಿಶೇಷವಾಗಿ ಕುತೂಹಲಕರ. ‘ತ’ ಮತ್ತು ‘ಟ’ ನಡುವಿನ ವ್ಯತ್ಯಾಸ ನಮಗೆ ಸಲೀಸು, ಇಂಗ್ಲಿಷ್ ಮಾತ್ರ ಬಲ್ಲ ವಯಸ್ಕರಿಗೆ ಅದು ಕಿವಿಗೆ ಸಿಗುವುದೇ ಕಷ್ಟ. ಜಾನೆಟ್ ವರ್ಕರ್ ಮತ್ತು ರಿಚರ್ಡ್ ಟೀಸ್ ಎಂಬ ಸಂಶೋಧಕರು ಹಿಂದಿಯ ಇದೇ ಧ್ವನಿಗಳನ್ನು ಇಂಗ್ಲಿಷ್ ಮನೆಗಳ ಶಿಶುಗಳಿಗೆ ಕೇಳಿಸಿದರು. 6ರಿಂದ 8 ತಿಂಗಳ ಶಿಶುಗಳು ವ್ಯತ್ಯಾಸವನ್ನು ಗುರುತಿಸಿದವು. 10ರಿಂದ 12 ತಿಂಗಳ ಹೊತ್ತಿಗೆ ಆ ಸಾಮರ್ಥ್ಯ ಬಹುಮಟ್ಟಿಗೆ ಕುಂದಿತ್ತು. 1984ರಲ್ಲಿ ಪ್ರಕಟವಾದ ಈ ಫಲಿತಾಂಶ ಹೇಳುವುದಿಷ್ಟು: ಮೊದಲ ಪದ ಬಾಯಿಗೆ ಬರುವ ಮೊದಲೇ ಮಗುವಿನ ಕಿವಿ ಮತ್ತು ಮಿದುಳು ಮನೆಯ ಭಾಷೆಗೆ ಹೊಂದಿಕೊಂಡಿರುತ್ತವೆ. ಆದ್ದರಿಂದ ‘ಇಷ್ಟು ಸಣ್ಣ ಮಗುವಿಗೆ ಏನು ಅರ್ಥವಾಗುತ್ತದೆ’ ಎಂದು ಮಾತು ನಿಲ್ಲಿಸಬೇಡಿ.

ಯಾವ ವಯಸ್ಸಿಗೆ ಏನು ಬರಬೇಕು?

ಒಂದೂವರೆ ಎರಡು ತಿಂಗಳಿಗೆ ಮುಖ ನೋಡಿ ನಗು, ಎರಡು ಮೂರು ತಿಂಗಳಿಗೆ ‘ಊ’, ‘ಆ’ ಎಂಬ ಸ್ವರಗಳು. 6ರಿಂದ 10 ತಿಂಗಳೊಳಗೆ ‘ಬಬಬ’, ‘ದದದ’ ಎಂಬ ತೊದಲು ಶುರುವಾಗುತ್ತದೆ. 9 ತಿಂಗಳ ಹೊತ್ತಿಗೆ ಹೆಸರು ಕರೆದರೆ ತಿರುಗಿ ನೋಡಬೇಕು. ವರ್ಷ ತುಂಬುವ ಆಸುಪಾಸಿನಲ್ಲಿ ಕೈಬೀಸುವುದು, ಬೆರಳು ತೋರಿಸುವುದು ಮತ್ತು ಮೊದಲ ಪದ ಬರುತ್ತವೆ. 18 ತಿಂಗಳಿಗೆ ‘ಅಮ್ಮ’, ‘ಅಪ್ಪ’ ಬಿಟ್ಟು ಕನಿಷ್ಠ ಮೂರು ಪದಗಳ ಪ್ರಯತ್ನ ಕಾಣಬೇಕು. 2 ವರ್ಷಕ್ಕೆ ‘ಅಮ್ಮ ಬಾ’, ‘ನೀರು ಬೇಕು’ ಎಂಬಂತೆ ಎರಡು ಪದಗಳನ್ನು ತಾನಾಗಿ ಜೋಡಿಸಬೇಕು. 3 ವರ್ಷಕ್ಕೆ ಹೊರಗಿನವರಿಗೂ ಮಾತಿನ ಬಹುಪಾಲು ಅರ್ಥವಾಗಬೇಕು. 4 ವರ್ಷಕ್ಕೆ ಶಾಲೆಯಲ್ಲಿ ನಡೆದದ್ದನ್ನು ಮನೆಯಲ್ಲಿ ಬಂದು ಹೇಳುವಂತಿರಬೇಕು.

ಪದ ಎಂದರೆ ಶುದ್ಧ ಉಚ್ಚಾರವೇ ಆಗಬೇಕೆಂದಿಲ್ಲ. ನಾಯಿ ಕಂಡಾಗಲೆಲ್ಲ ‘ಬೌ’ ಎಂದರೆ ಅದೂ ಒಂದು ಪದ. ಒಂದೇ ವಸ್ತುವಿಗೆ ಪ್ರತಿಸಲ ಒಂದೇ ಸನ್ನೆ ಮಾಡಿದರೆ ಅದನ್ನೂ ಲೆಕ್ಕಕ್ಕೆ ಹಿಡಿಯಿರಿ.

ಬೇರೆ ಬೇರೆ ಕಡೆ ಬೇರೆ ಬೇರೆ ಪಟ್ಟಿ ಕಂಡು ಪೋಷಕರು ಗೊಂದಲಪಡುತ್ತಾರೆ. ಅದಕ್ಕೆ ಕಾರಣವಿದೆ. ಕೆಲವು ಪಟ್ಟಿಗಳು ಸರಾಸರಿ ಮಗು ಏನು ಮಾಡುತ್ತದೆ ಎಂದು ಹೇಳುತ್ತವೆ, ಅಂದರೆ ಅರ್ಧದಷ್ಟು ಮಕ್ಕಳು ಅದಕ್ಕಿಂತ ಹಿಂದೆ ಇರುತ್ತಾರೆ. ಅಮೆರಿಕದ ರೋಗ ನಿಯಂತ್ರಣ ಕೇಂದ್ರ 2022ರಲ್ಲಿ ತನ್ನ ಪಟ್ಟಿಯನ್ನು ಬದಲಿಸಿ, ಶೇಕಡ 75 ಅಥವಾ ಅದಕ್ಕಿಂತ ಹೆಚ್ಚು ಮಕ್ಕಳು ಆ ವಯಸ್ಸಿಗೆ ಮಾಡಬಲ್ಲದ್ದನ್ನು ಮಾತ್ರ ಸೇರಿಸಿತು. ಅದರಲ್ಲಿ 50 ಪದಗಳ ಗಡಿ 30 ತಿಂಗಳಲ್ಲಿದೆ. ವಾಕ್ ತಜ್ಞರು (ಸ್ಪೀಚ್ ಥೆರಪಿಸ್ಟ್) ಬಹುಕಾಲದಿಂದ ಬಳಸುತ್ತಿರುವ ಗಡಿ ಬೇರೆ: 2 ವರ್ಷಕ್ಕೆ 50ಕ್ಕಿಂತ ಕಡಿಮೆ ಪದ, ಅಥವಾ ಎರಡು ಪದಗಳ ಜೋಡಣೆ ಇಲ್ಲದಿರುವುದು. ನಾನು ಈ ಹಳೆಯ ಗಡಿಯ ಪರ. ತಪಾಸಣೆ ಮಾಡಿಸಿದರೆ ನಷ್ಟವೇನೂ ಇಲ್ಲ, ಆರು ತಿಂಗಳು ಸುಮ್ಮನೆ ಕಾಯುವುದರಲ್ಲಿ ನಷ್ಟವಿರಬಹುದು.

‘ಅವರಪ್ಪನಿಗೂ ಮೂರು ವರ್ಷಕ್ಕೇ ಮಾತು ಬಂದದ್ದು, ತಾನಾಗಿ ಬರುತ್ತದೆ ಬಿಡಿ’ ಎನ್ನುತ್ತಾರೆ. ಕಾಯಬಹುದೇ?

ಹೇಳುವವರ ಮಾತಿನಲ್ಲಿ ಅರ್ಧ ನಿಜವಿದೆ. 2 ವರ್ಷಕ್ಕೆ ಮಾತು ತಡವಾಗಿರುವ ಮಕ್ಕಳಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಶಾಲೆ ಸೇರುವ ಹೊತ್ತಿಗೆ ಓರಗೆಯವರನ್ನು ಸೇರಿಕೊಳ್ಳುತ್ತಾರೆ. ತೊಡಕು ಇರುವುದು ಇಲ್ಲಿ: ಯಾವ ಮಗು ತಾನಾಗಿ ಸೇರಿಕೊಳ್ಳುತ್ತದೆ, ಯಾವುದು ಹಿಂದುಳಿಯುತ್ತದೆ ಎಂದು ಎರಡು ವರ್ಷದಲ್ಲಿ ಯಾರೂ ಖಚಿತವಾಗಿ ಹೇಳಲಾರರು. ಅಷ್ಟೇ ಅಲ್ಲ, ಮನೆತನದಲ್ಲಿ ಮಾತು ತಡವಾದವರು, ಓದು ಬರಹದಲ್ಲಿ ಕಷ್ಟಪಟ್ಟವರು ಇದ್ದರೆ ಅಪಾಯದ ಸಾಧ್ಯತೆ ಹೆಚ್ಚು. ಸಮಾಧಾನಕ್ಕೆಂದು ಹೇಳುವ ‘ಅವರಪ್ಪನಿಗೂ ಹಾಗೇ’ ಎಂಬ ಮಾತು ನಿಜವಾಗಿ ಬೇಗ ತೋರಿಸಲು ಒಂದು ಕಾರಣ.

ಹೇಳಿದ್ದು ಅರ್ಥವಾಗದ ಮಗು, ಸನ್ನೆಗಳು ಕಡಿಮೆ ಇರುವ ಮಗು, ಮೂರು ತಿಂಗಳು ಕಳೆದರೂ ಹೊಸ ಪದ ಸೇರದ ಮಗು – ಇವರ ವಿಷಯದಲ್ಲಿ ಕಾಯುವ ಮಾತೇ ಬೇಡ.

ಕರೆದರೆ ತಿರುಗುತ್ತದೆ, ಬಾಗಿಲು ಬಡಿದರೆ ಬೆಚ್ಚುತ್ತದೆ. ಆದರೂ ಶ್ರವಣ ಪರೀಕ್ಷೆ ಏಕೆ?

ಏಕೆಂದರೆ ಕಿವುಡು ಎಂಬುದು ಪೂರ್ತಿ ಇದೆ ಅಥವಾ ಇಲ್ಲವೇ ಇಲ್ಲ ಎಂಬಂಥ ಸಂಗತಿಯಲ್ಲ. ಬಾಗಿಲಿನ ಸದ್ದು, ಪಾತ್ರೆ ಬಿದ್ದ ಸದ್ದು ದೊಡ್ಡವು. ‘ಸ’, ‘ಶ’, ‘ಫ’ದಂಥ ಧ್ವನಿಗಳು ಮೆಲುವಾಗಿ, ಎತ್ತರದ ಸ್ಥಾಯಿಯಲ್ಲಿ ಇರುತ್ತವೆ. ಸ್ವಲ್ಪ ಮಟ್ಟಿನ ಶ್ರವಣದೋಷವಿರುವ ಮಗು ಮೊದಲನೆಯದಕ್ಕೆ ತಿರುಗುತ್ತದೆ, ಎರಡನೆಯದನ್ನು ಕೇಳಿಸಿಕೊಳ್ಳದೆಯೇ ಬೆಳೆಯುತ್ತದೆ. ಸಾವಿರ ನವಜಾತ ಶಿಶುಗಳಲ್ಲಿ ಸುಮಾರು ಒಂದರಿಂದ ಮೂರು ಶಿಶುಗಳಿಗೆ ಶಾಶ್ವತ ಶ್ರವಣದೋಷ ಇರುತ್ತದೆ. ಹುಟ್ಟಿದಾಗ ಸರಿಯಿದ್ದು ಆಮೇಲೆ ಕುಂದುವುದೂ ಉಂಟು. ನೆಗಡಿಯ ಬೆನ್ನಿಗೆ ನಡುಗಿವಿಯಲ್ಲಿ ದ್ರವ ತುಂಬಿಕೊಂಡು ವಾರಗಟ್ಟಲೆ ಹಾಗೇ ಉಳಿದರೆ ಕಿವಿ ನೋವಿಲ್ಲದೆಯೂ ಮಂದವಾಗುತ್ತದೆ. ಇವತ್ತು ಕೇಳಿಸುತ್ತದೆ, ಮುಂದಿನ ವಾರ ಕೇಳಿಸದು. ದೊಡ್ಡವರು ಅದನ್ನು ಹಟ ಎಂದುಕೊಳ್ಳುತ್ತಾರೆ.

ಪರೀಕ್ಷೆಗೆ ಮಗು ಉತ್ತರ ಹೇಳಬೇಕಾಗಿಲ್ಲ. ಓಎಇ ಪರೀಕ್ಷೆಯಲ್ಲಿ ಕಿವಿಗೆ ಪುಟ್ಟ ತುದಿಯೊಂದನ್ನು ಇಟ್ಟು ಒಳಗಿವಿಯ ಪ್ರತಿಕ್ರಿಯೆಯನ್ನು ಅಳೆಯುತ್ತಾರೆ. ಬೇರಾ ಪರೀಕ್ಷೆಯಲ್ಲಿ ಮಗು ಮಲಗಿರುವಾಗ ಶ್ರವಣ ನರದಿಂದ ಮಿದುಳಿನ ಬುಡದವರೆಗಿನ ಸಂಕೇತವನ್ನು ದಾಖಲಿಸುತ್ತಾರೆ. ಎರಡರಲ್ಲೂ ನೋವಿಲ್ಲ. ಹುಟ್ಟಿದ ಒಂದು ತಿಂಗಳೊಳಗೆ ತಪಾಸಣೆ, ಮೂರು ತಿಂಗಳೊಳಗೆ ರೋಗನಿರ್ಣಯ, ಆರು ತಿಂಗಳೊಳಗೆ ನೆರವು ಎಂಬುದು ಜಗತ್ತಿನ ಹಲವೆಡೆ ಒಪ್ಪಿರುವ ಗುರಿ. ಆ ವಯಸ್ಸು ದಾಟಿದ್ದರೂ ಪರೀಕ್ಷೆ ಇವತ್ತೇ ಆಗಲಿ. ಮಾತಿನ ಬಗ್ಗೆ ಯಾವುದೇ ಅನುಮಾನ ಬಂದರೂ ಮೊದಲ ಹೆಜ್ಜೆ ಶ್ರವಣ ಪರೀಕ್ಷೆಯೇ.

ಗಂಡುಮಕ್ಕಳಿಗೆ ಮಾತು ತಡವೇ?

ಸರಾಸರಿ ನೋಡಿದರೆ ಸ್ವಲ್ಪ ತಡ. ಆದರೆ ಆ ಅಂತರ ಚಿಕ್ಕದು. ಮೇಲಿನ ಗಡಿಗಳು ಗಂಡಿಗೂ ಹೆಣ್ಣಿಗೂ ಒಂದೇ.

ಮನೆಯಲ್ಲಿ ಎರಡು ಮೂರು ಭಾಷೆ ಇವೆ. ಅದರಿಂದ ಗೊಂದಲವಾಗಿ ಮಾತು ತಡವಾಯಿತೇ?

ಇಲ್ಲ. ಒಂದಕ್ಕಿಂತ ಹೆಚ್ಚು ಭಾಷೆ ಕೇಳುತ್ತ ಬೆಳೆಯುವುದರಿಂದ ಭಾಷಾ ತೊಂದರೆ ಉಂಟಾಗುವುದಿಲ್ಲ. ಲೆಕ್ಕ ಮಾತ್ರ ಸರಿಯಾಗಿ ಹಾಕಬೇಕು: ಕನ್ನಡದಲ್ಲಿ 20 ಪದ, ಇನ್ನೊಂದು ಭಾಷೆಯಲ್ಲಿ 35 ಪದ ಬರುವ ಮಗುವಿಗೆ ಬರುವುದು 20 ಪದವಲ್ಲ, 55. ಒಂದೇ ವಾಕ್ಯದಲ್ಲಿ ಎರಡು ಭಾಷೆ ಬೆರೆಸುವುದೂ ಸಹಜ, ದೊಡ್ಡವರೂ ಅದನ್ನೇ ಮಾಡುತ್ತಾರೆ.

ಮಾತು ತಡವಾದ ಕೂಡಲೇ ‘ಮನೆಭಾಷೆ ಬಿಡಿ, ಶಾಲೆಯ ಭಾಷೆಯನ್ನೇ ಆಡಿ’ ಎಂದು ಸಲಹೆ ಕೊಡುವವರಿದ್ದಾರೆ. ಇದನ್ನು ನಾನು ಖಂಡಿತವಾಗಿ ವಿರೋಧಿಸುತ್ತೇನೆ. ತಾಯಿಗೆ ಒಗ್ಗದ ಭಾಷೆಯಲ್ಲಿ ಆಡುವ ಮಾತು ಚುಟುಕಾಗುತ್ತದೆ, ಆಜ್ಞೆಗಳಷ್ಟೇ ಉಳಿಯುತ್ತವೆ. ಲಾಲಿ, ಕಥೆ, ಹರಟೆ, ಮುದ್ದು ಎಲ್ಲ ಹೋಗುತ್ತವೆ. ಅಜ್ಜಿಯೊಡನೆ ಮಾತೇ ಕಳೆದುಹೋಗುತ್ತದೆ. ಆಟಿಸಂ (ಒಡನಾಟ ಮತ್ತು ಸಂವಹನ ಬೇರೆ ರೀತಿಯಲ್ಲಿ ಬೆಳೆಯುವ ಸ್ಥಿತಿ) ಅಥವಾ ಡೌನ್ ಸಿಂಡ್ರೋಮ್ (ವರ್ಣತಂತುವಿನ ವ್ಯತ್ಯಾಸದಿಂದ ಹುಟ್ಟಿನಿಂದಲೇ ಇರುವ ಸ್ಥಿತಿ) ಇರುವ ಮಕ್ಕಳೂ ಎರಡು ಭಾಷೆ ಕಲಿಯಬಲ್ಲರು. ನಿಮಗೆ ಯಾವ ಭಾಷೆಯಲ್ಲಿ ಮನಸಾರೆ ಮಾತನಾಡಲು ಬರುತ್ತದೋ ಅದರಲ್ಲೇ ಮಾತನಾಡಿ.

ನಾಲಿಗೆ ಕೆಳಗೆ ಅಂಟಿಕೊಂಡಿದೆ, ಕತ್ತರಿಸಿದರೆ ಮಾತು ಬರುತ್ತದೆ ಎನ್ನುತ್ತಾರೆ. ನಿಜವೇ?

ಅಂಟುನಾಲಿಗೆಯಿಂದ ಎದೆಹಾಲು ಕುಡಿಯಲು ಕೆಲವು ಶಿಶುಗಳಿಗೆ ತೊಂದರೆಯಾಗಬಹುದು. ಆದರೆ ಮಾತೇ ಬಾರದಿರುವುದಕ್ಕೆ ಅದು ಕಾರಣವಲ್ಲ. ಪದಗಳು ಬರಬೇಕಾದದ್ದು ಮಿದುಳಿನಿಂದ. ನಾಲಿಗೆ ತುಸು ಬಿಗಿಯಿದ್ದರೂ ಮಗು ತನಗೆ ತಿಳಿದದ್ದನ್ನು ಹೇಗೋ ಹೇಳಿಯೇ ಹೇಳುತ್ತದೆ. ಕತ್ತರಿಸುವ ಮುನ್ನ ಶ್ರವಣ ಪರೀಕ್ಷೆ ಮತ್ತು ವಾಕ್ ತಜ್ಞರ ತಪಾಸಣೆ ಎರಡೂ ಆಗಲಿ.

ಮೊಬೈಲ್‌ನಲ್ಲಿ ಹಾಡು, ಅಕ್ಷರ ಎಲ್ಲ ಕಲಿಯುತ್ತದೆ. ಅದರಿಂದ ಮಾತು ಬೇಗ ಬರುವುದಿಲ್ಲವೇ?

ಪೆಟ್ರೀಷಿಯಾ ಕೂಲ್ ಮತ್ತು ಸಂಗಡಿಗರು 2003ರಲ್ಲಿ ಪ್ರಕಟಿಸಿದ ಒಂದು ಪ್ರಯೋಗವಿದೆ. 9 ತಿಂಗಳ ಅಮೆರಿಕನ್ ಶಿಶುಗಳ ಮುಂದೆ ಚೀನೀ ಭಾಷೆ ಆಡುವವರು ಕುಳಿತು ಆಟವಾಡಿದರು, ಪುಸ್ತಕ ಓದಿದರು. ಶಿಶುಗಳು ಆ ಭಾಷೆಯ ಧ್ವನಿಗಳನ್ನು ಗುರುತಿಸಲು ಕಲಿತವು. ಅದೇ ಜನ, ಅದೇ ಮಾತು ಪರದೆಯ ಮೇಲೆ ಬಂದಾಗ ಶಿಶುಗಳು ಏನನ್ನೂ ಕಲಿಯಲಿಲ್ಲ. ಪರದೆ ಮಗುವಿಗೆ ಉತ್ತರ ಕೊಡುವುದಿಲ್ಲ. ಮಗು ‘ಆ’ ಎಂದಾಗ ಕಣ್ಣರಳಿಸಿ ‘ಆ? ಏನದು?’ ಎನ್ನುವುದು ಮನುಷ್ಯರು ಮಾತ್ರ.

ಎರಡು ವರ್ಷ ತುಂಬದ ಮಗುವಿಗೆ ಪರದೆ ಬೇಡವೇ ಬೇಡ, ಎರಡರಿಂದ ನಾಲ್ಕು ವರ್ಷದವರಿಗೆ ದಿನಕ್ಕೆ ಒಂದು ಗಂಟೆಗಿಂತ ಹೆಚ್ಚು ಬೇಡ, ಕಡಿಮೆಯಾದಷ್ಟೂ ಒಳ್ಳೆಯದು ಎಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಸೂಚಿಸಿದೆ. ದೂರದಲ್ಲಿರುವ ಅಜ್ಜ ಅಜ್ಜಿಯರೊಂದಿಗಿನ ವಿಡಿಯೊ ಕರೆ ಬೇರೆ ಸಂಗತಿ, ಅಲ್ಲಿ ಆಚೆ ಕಡೆಯಿಂದ ಉತ್ತರ ಬರುತ್ತದೆ. ಯಾರೂ ನೋಡದಿದ್ದರೂ ಮನೆಯಲ್ಲಿ ಟಿವಿ ಸದಾ ಉರಿಯುತ್ತಿದ್ದರೆ ಅದನ್ನು ಆರಿಸಿ. ಹಿನ್ನೆಲೆಯ ಸದ್ದಿದ್ದಾಗ ದೊಡ್ಡವರು ಮಗುವಿನೊಂದಿಗೆ ಆಡುವ ಮಾತು ಕಡಿಮೆಯಾಗುತ್ತದೆ. ಆದರೂ ಒಂದು ಎಚ್ಚರಿಕೆ: ಮೊಬೈಲ್ ನಿಲ್ಲಿಸಿದ ಕೂಡಲೇ ಎಲ್ಲ ಸರಿಹೋಗುತ್ತದೆ ಎಂದು ತಪಾಸಣೆಯನ್ನು ಮುಂದೂಡಬೇಡಿ.

ಮನೆಯಲ್ಲಿ ನಾವು ಏನು ಮಾಡಬಹುದು?

ತುಂಬ ಮಾಡಬಹುದು, ಅದಕ್ಕಾಗಿ ಬೇರೆ ಸಮಯ, ಬೇರೆ ಆಟಿಕೆ ಏನೂ ಬೇಡ. ಸ್ನಾನ, ಊಟ, ಬಟ್ಟೆ ತೊಡಿಸುವುದು, ಮಲಗಿಸುವುದು – ಇವೇ ಪಾಠದ ಹೊತ್ತು.

ಎಲ್ಲಕ್ಕಿಂತ ಮುಖ್ಯವಾದದ್ದು ಕಾಯುವುದು. ದೊಡ್ಡವರು ಪ್ರಶ್ನೆ ಕೇಳಿ, ಎರಡು ಸೆಕೆಂಡ್ ಕಾಯದೆ, ಉತ್ತರವನ್ನೂ ತಾವೇ ಹೇಳಿಬಿಡುತ್ತಾರೆ. ಮಗುವಿನ ಮಟ್ಟಕ್ಕೆ ಕೆಳಗೆ ಕುಳಿತು, ಮುಖ ಕಾಣುವಂತೆ ಎದುರಾಗಿ, ಏನಾದರೂ ಹೇಳಿ, ಆಮೇಲೆ ಹತ್ತು ಸೆಕೆಂಡಿನಷ್ಟು ಸುಮ್ಮನಿರಿ. ಆ ಮೌನ ಮೊದಮೊದಲು ತೀರ ದೀರ್ಘವೆನಿಸುತ್ತದೆ. ಆದರೆ ಮಗುವಿನ ಸರದಿ ಬರುವುದೇ ಆ ಜಾಗದಲ್ಲಿ. ಒಂದು ನೋಟ, ಒಂದು ಸದ್ದು, ಕೈ ಚಾಚುವುದು, ಏನೇ ಬಂದರೂ ಅದನ್ನು ಮಾತೆಂದೇ ಸ್ವೀಕರಿಸಿ ಉತ್ತರಿಸಿ. ಸಂಭಾಷಣೆ ಚೆಂಡಾಟದ ಹಾಗೆ, ಚೆಂಡು ಅತ್ತ ಹೋಗಿ ಇತ್ತ ಬರಬೇಕು.

ಮಗು ನೋಡುತ್ತಿರುವುದರ ಬಗ್ಗೆ ಮಾತನಾಡಿ. ನೀವು ಪುಸ್ತಕದಲ್ಲಿ ಆನೆ ತೋರಿಸುತ್ತಿದ್ದೀರಿ, ಮಗು ಗೋಡೆಯ ಮೇಲಿನ ಇರುವೆ ನೋಡುತ್ತಿದೆ. ಆನೆ ಬಿಡಿ, ಇರುವೆಗೆ ಬನ್ನಿ. ‘ಇರುವೆ! ಇರುವೆ ಹೋಗುತ್ತಿದೆ. ಮೇಲೆ, ಮೇಲೆ, ಮೇಲೆ.’ ಮಗುವಿನ ಗಮನ ಎಲ್ಲಿದೆಯೋ ಅಲ್ಲಿ ಸಿಕ್ಕ ಪದ ಬೇಗ ಅಂಟಿಕೊಳ್ಳುತ್ತದೆ.

ಮಗು ಹೇಳಿದ್ದಕ್ಕೆ ಒಂದು ಪದ ಸೇರಿಸಿ ಹಿಂದಿರುಗಿಸಿ. ಮಗು ‘ನಾಯಿ’ ಎಂದರೆ ನೀವು ‘ನಾಯಿ ಓಡಿತು’ ಎನ್ನಿ. ಮಗು ‘ನಾಯಿ ಓಡಿತು’ ಎಂದ ದಿನ ನೀವು ‘ಕರಿ ನಾಯಿ ಓಡಿತು’ ಎನ್ನಿ. ದೊಡ್ಡ ಭಾಷಣ ಬೇಡ, ಒಂದು ಮೆಟ್ಟಿಲು ಮೇಲಿದ್ದರೆ ಸಾಕು. ಹೆಸರುಗಳಷ್ಟನ್ನೇ ಕಲಿಸಬೇಡಿ. ‘ಕೊಡು’, ‘ಬಾ’, ‘ತೆಗೆ’, ‘ಬಿತ್ತು’, ‘ಇನ್ನೂ’, ‘ಬೇಡ’, ‘ಆಯಿತು’ – ಇಂಥವಿಲ್ಲದೆ ಎರಡು ಪದಗಳ ವಾಕ್ಯ ಹುಟ್ಟುವುದಿಲ್ಲ. ಬಣ್ಣ, ಆಕಾರ, ಅಕ್ಷರಗಳಿಗೆ ಅವಸರವಿಲ್ಲ. ಹಸಿವಾದಾಗ ‘ತ್ರಿಕೋನ’ ಎಂಬ ಪದದಿಂದ ಮಗುವಿಗೆ ಏನೂ ಸಿಗುವುದಿಲ್ಲ.

ಪ್ರತಿಯೊಂದನ್ನೂ ಮಗು ಕೇಳುವ ಮೊದಲೇ ಕೈಗಿಡುವ ಅಭ್ಯಾಸವಿದ್ದರೆ ಸ್ವಲ್ಪ ಸಡಿಲಿಸಿ. ಇಷ್ಟದ ಆಟಿಕೆಯನ್ನು ಕಾಣುವಂತೆ, ಆದರೆ ಎಟುಕದಂತೆ ಇಡಿ. ಗುಳ್ಳೆ ಊದಿ, ಮುಚ್ಚಳ ಹಾಕಿ, ಮಗುವನ್ನು ನೋಡಿ ಕಾಯಿರಿ. ಆದರೆ ಮಗು ಹೇಗಾದರೂ ಕೇಳಿದ ಕೂಡಲೇ ಕೊಟ್ಟುಬಿಡಿ. ‘ಸರಿಯಾಗಿ ಹೇಳಿದರೆ ಮಾತ್ರ ಕೊಡುತ್ತೇನೆ’ ಎಂದು ಅಳಿಸುವುದು ಕಲಿಕೆಯಲ್ಲ. ಅದರಿಂದ ಮಗು ಕೇಳುವುದನ್ನೇ ಬಿಟ್ಟುಬಿಡಬಹುದು.

ಚಿತ್ರಪುಸ್ತಕವನ್ನು ಓದಿ ಮುಗಿಸಬೇಕೆಂದಿಲ್ಲ. ಒಂದೇ ಪುಟದಲ್ಲಿ ಹತ್ತು ನಿಮಿಷ ನಿಂತರೂ ಸರಿ, ಅದೇ ಪುಸ್ತಕವನ್ನು ನೂರು ಸಲ ತಂದರೂ ಸರಿ. ಗೊತ್ತಿರುವ ಸಾಲಿನ ಕೊನೆಯ ಪದವನ್ನು ಬಿಟ್ಟು ಕಾದರೆ ಮಗು ಅದನ್ನು ತುಂಬಿಸುತ್ತದೆ.

ಮಗು ‘ಕಾಗೆ’ಗೆ ‘ತಾದೆ’ ಎನ್ನುತ್ತದೆ, ‘ರೈಲು’ ಎನ್ನಲು ‘ಲೈಲು’ ಎನ್ನುತ್ತದೆ. ತಿದ್ದಬೇಕೇ?

‘ಪ’, ‘ಬ’, ‘ಮ’ದಂಥ ತುಟಿಯ ಧ್ವನಿಗಳು ಬೇಗ ಬರುತ್ತವೆ. ‘ರ’, ‘ಷ’ದಂಥವು ನಿಧಾನ. ಒಂದು ಧ್ವನಿಯ ಬದಲು ಅದಕ್ಕಿಂತ ಸುಲಭದ ಧ್ವನಿಯನ್ನು ಕ್ರಮಬದ್ಧವಾಗಿ ಬಳಸುವುದು ಎರಡು ಮೂರು ವರ್ಷದಲ್ಲಿ ಸಹಜ. ‘ಹಾಗಲ್ಲ, ಕಾ-ಗೆ ಅನ್ನು’ ಎಂದು ನಿಲ್ಲಿಸಿ ತಿದ್ದಬೇಡಿ. ‘ಹೌದು, ಕಾಗೆ! ಕಾಗೆ ಹಾರಿತು’ ಎಂದು ಸರಿಯಾದ ರೂಪವನ್ನು ಕೇಳಿಸಿ ಮುಂದೆ ಸಾಗಿ.

ಅಂದಾಜಿಗೆ ಹೇಳುವುದಾದರೆ, ಅಪರಿಚಿತರಿಗೆ 2 ವರ್ಷದ ಮಗುವಿನ ಮಾತು ಅರ್ಧದಷ್ಟು, 3 ವರ್ಷದ್ದು ಮುಕ್ಕಾಲು, 4 ವರ್ಷದ್ದು ಬಹುತೇಕ ಪೂರ್ತಿ ಅರ್ಥವಾಗಬೇಕು. ಅದಕ್ಕಿಂತ ಕಡಿಮೆಯಿದ್ದರೆ, ಅಥವಾ ಒಂದೇ ಪದವನ್ನು ಪ್ರತಿಸಲ ಬೇರೆ ಬೇರೆ ರೀತಿ ಹೇಳುತ್ತ, ಬಾಯಿಯನ್ನು ಹೇಗೆ ಇಡಬೇಕೆಂದು ತಡಕಾಡುವಂತೆ ಕಂಡರೆ ತಜ್ಞರಿಗೆ ತೋರಿಸಿ. ಧ್ವನಿಯೆಲ್ಲ ಮೂಗಿನಿಂದ ಬಂದಂತಿದ್ದರೆ ಅಂಗುಳನ್ನೂ ಪರೀಕ್ಷಿಸಬೇಕು.

ಚೆನ್ನಾಗಿ ಮಾತನಾಡುತ್ತಿದ್ದ ಮಗು ಮೂರು ವರ್ಷಕ್ಕೆ ಇದ್ದಕ್ಕಿದ್ದಂತೆ ಉಗ್ಗಲು ಶುರುಮಾಡಿತು. ಹೆದರಿಕೆಯಿಂದ ಆಯಿತೇ?

ಹೆದರಿಕೆಯಿಂದಲೂ ಅಲ್ಲ, ಇನ್ನೊಂದು ಮಗುವನ್ನು ಅನುಕರಿಸಿದ್ದರಿಂದಲೂ ಅಲ್ಲ, ನಿಮ್ಮ ಪಾಲನೆಯಿಂದಂತೂ ಅಲ್ಲ. ಉಗ್ಗಿಗೆ ಮಿದುಳಿನ ಬೆಳವಣಿಗೆ ಮತ್ತು ವಂಶವಾಹಿಗಳ ಹಿನ್ನೆಲೆಯಿದೆ. ವಾಕ್ಯಗಳು ಉದ್ದವಾಗುವ ಎರಡರಿಂದ ನಾಲ್ಕು ವರ್ಷದ ನಡುವೆ ಅದು ಕಾಣಿಸಿಕೊಳ್ಳುವುದು ಹೆಚ್ಚು. ಹೀಗೆ ಉಗ್ಗುವ ಮಕ್ಕಳಲ್ಲಿ ನಾಲ್ವರಲ್ಲಿ ಸುಮಾರು ಮೂವರಿಗೆ ಅದು ಕಾಲಕ್ರಮದಲ್ಲಿ ಹೋಗುತ್ತದೆ.

ಮನೆಯಲ್ಲಿ ಉಗ್ಗಿದವರು ಇದ್ದು ಅವರಿಗೆ ಅದು ಉಳಿದುಕೊಂಡಿದ್ದರೆ, ಆರು ತಿಂಗಳಿಗೂ ಮೀರಿ ಮುಂದುವರಿದಿದ್ದರೆ, ಪದ ಹೊರಡದೆ ಮುಖ ಬಿಗಿಯುವುದು, ಕಣ್ಣು ಮುಚ್ಚುವುದು ಕಂಡರೆ, ಅಥವಾ ಮಗುವೇ ‘ನನಗೆ ಹೇಳಲು ಬರುವುದಿಲ್ಲ’ ಎಂದು ನೊಂದರೆ ತಡಮಾಡಬೇಡಿ. ಶಾಲೆಗೆ ಮೊದಲಿನ ವಯಸ್ಸಿನಲ್ಲಿ ಚಿಕಿತ್ಸೆ ಚೆನ್ನಾಗಿ ಫಲಿಸುತ್ತದೆ. ಆಸ್ಟ್ರೇಲಿಯಾದಲ್ಲಿ ರೂಪುಗೊಂಡ ಲಿಡ್‌ಕಂಬ್ ವಿಧಾನದಲ್ಲಿ ತಜ್ಞರ ಮಾರ್ಗದರ್ಶನದೊಂದಿಗೆ ಪೋಷಕರೇ ಪ್ರತಿದಿನ ಅದನ್ನು ನಡೆಸುತ್ತಾರೆ.

‘ನಿಧಾನವಾಗಿ ಹೇಳು’, ‘ಉಸಿರು ತೆಗೆದುಕೋ’ ಎನ್ನಬೇಡಿ. ನೀವು ನಿಧಾನವಾಗಿ ಮಾತನಾಡಿ, ಮಗುವಿನ ವಾಕ್ಯವನ್ನು ನೀವು ಪೂರ್ತಿ ಮಾಡಬೇಡಿ, ಕಣ್ಣು ತಪ್ಪಿಸಬೇಡಿ. ಹೇಗೆ ಹೇಳಿತು ಎಂಬುದಕ್ಕಲ್ಲ, ಏನು ಹೇಳಿತು ಎಂಬುದಕ್ಕೆ ಉತ್ತರಿಸಿ.

ಪ್ರಶ್ನೆ ಕೇಳಿದರೆ ಉತ್ತರದ ಬದಲು ಪ್ರಶ್ನೆಯನ್ನೇ ಮರಳಿ ಹೇಳುತ್ತದೆ. ಇದನ್ನು ನಿಲ್ಲಿಸುವುದು ಹೇಗೆ?

ನಿಲ್ಲಿಸಬೇಡಿ. ಕೇಳಿದ್ದನ್ನು ಮರುನುಡಿಯುವುದು ಅನೇಕ ಮಕ್ಕಳಿಗೆ ಭಾಷೆ ಕಲಿಯುವ ದಾರಿ. ‘ನೀರು ಬೇಕಾ?’ ಎಂದು ಮಗು ನಿಮ್ಮದೇ ಧಾಟಿಯಲ್ಲಿ ಕೇಳಿದರೆ, ‘ನನಗೆ ನೀರು ಬೇಕು’ ಎಂಬುದೇ ಅದರ ಅರ್ಥವಾಗಿರಬಹುದು. ಆಗ ಮಗುವಿನ ಪರವಾಗಿ ‘ನೀರು ಬೇಕು’ ಎಂದು ಹೇಳಿ ನೀರು ಕೊಡಿ. ಪ್ರಶ್ನೆಗಳನ್ನು ಕಡಿಮೆ ಮಾಡಿ, ಮಗು ತನ್ನದಾಗಿಸಿಕೊಳ್ಳಬಹುದಾದ ಸಾಲುಗಳನ್ನು ಹೆಚ್ಚು ಹೇಳಿ. ಎರಡೂವರೆ ವರ್ಷ ದಾಟಿದ ಮೇಲೂ ಮಾತಿನ ಬಹುಪಾಲು ಮರುನುಡಿಯೇ ಆಗಿದ್ದರೆ ತಪಾಸಣೆ ಮಾಡಿಸಿ.

ಬಂದಿದ್ದ ಪದಗಳು ನಿಂತುಹೋದವು.

ಯಾವುದೇ ವಯಸ್ಸಿನಲ್ಲಾಗಲಿ, ಬಂದ ಮಾತು, ಸನ್ನೆ ಅಥವಾ ಒಡನಾಟ ಹಿಂದೆ ಹೋದರೆ ಈ ವಾರವೇ ಮಕ್ಕಳ ವೈದ್ಯರನ್ನು ಕಾಣಿರಿ.

ಹಾಗಾದರೆ ಇದು ಆಟಿಸಂ ಇರಬಹುದೇ?

ಮಾತು ತಡವಾದ ಮಾತ್ರಕ್ಕೆ ಆಟಿಸಂ ಅಲ್ಲ. ಹೆಸರು ಕರೆದರೆ ತಿರುಗದಿರುವುದು, ತೋರಿಸದಿರುವುದು, ನೀವು ತೋರಿಸಿದತ್ತ ನೋಡದಿರುವುದು, ನಟನೆಯ ಆಟ ಇಲ್ಲದಿರುವುದು, ಒಂದೇ ಆಟವನ್ನು ಒಂದೇ ಕ್ರಮದಲ್ಲಿ ಮತ್ತೆ ಮತ್ತೆ ಆಡುವುದು, ಕೆಲವು ಸದ್ದು ಅಥವಾ ಸ್ಪರ್ಶವನ್ನು ಸಹಿಸದಿರುವುದು – ಇವುಗಳಲ್ಲಿ ಹಲವು ಒಟ್ಟಿಗೆ ಕಂಡರೆ ಆ ದಿಕ್ಕಿನಲ್ಲಿ ತಪಾಸಣೆ ಬೇಕು. 16ರಿಂದ 30 ತಿಂಗಳ ಮಕ್ಕಳಿಗೆ ಎಂ-ಚಾಟ್ ಎಂಬ 20 ಪ್ರಶ್ನೆಗಳ ಪಟ್ಟಿಯನ್ನು ಬಳಸುತ್ತಾರೆ. ಅದು ತಪಾಸಣೆಯ ಮೊದಲ ಜರಡಿ ಮಾತ್ರ, ರೋಗನಿರ್ಣಯವಲ್ಲ. ಲಸಿಕೆಯಿಂದ ಆಟಿಸಂ ಬರುವುದಿಲ್ಲ, ಆ ಭಯದಿಂದ ಲಸಿಕೆ ತಪ್ಪಿಸಬೇಡಿ.

ನಿರ್ಣಯ ಖಚಿತವಾಗುವವರೆಗೆ ನೆರವನ್ನು ತಡೆಹಿಡಿಯಬೇಕಿಲ್ಲ. ಸಂವಹನಕ್ಕೆ ಬೇಕಾದ ಕೆಲಸವನ್ನು ಇವತ್ತಿನಿಂದಲೇ ಆರಂಭಿಸಬಹುದು. ‘ನನ್ನ ಕಣ್ಣು ನೋಡು’ ಎಂದು ಮುಖ ಹಿಡಿದು ತಿರುಗಿಸುವುದನ್ನು ಮಾತ್ರ ಬಿಡಿ. ಮಗುವಿಗೆ ಇಷ್ಟವಾದ ಆಟದೊಳಕ್ಕೆ ನೀವು ಹೋದರೆ ಅದೇ ನಿಮ್ಮತ್ತ ನೋಡಲು ಕಾರಣ ಕಂಡುಕೊಳ್ಳುತ್ತದೆ.

ಮನೆಯಲ್ಲಿ ಅರಳು ಹುರಿದಂತೆ ಮಾತು, ಶಾಲೆಯಲ್ಲಿ ಒಂದು ಪದವೂ ಇಲ್ಲ. ಸೊಕ್ಕೇ?

ಸೊಕ್ಕಲ್ಲ, ಆತಂಕ. ಶಾಲೆ ಸೇರಿದ ಮೊದಲ ತಿಂಗಳು ಬಿಟ್ಟು, ಆಮೇಲೂ ಒಂದು ತಿಂಗಳಿಗಿಂತ ಹೆಚ್ಚು ಕಾಲ ಹೀಗೇ ಇದ್ದರೆ ಅದನ್ನು ಆಯ್ದ ಸಂದರ್ಭಗಳ ಮೌನ ಎಂದು ಗುರುತಿಸುತ್ತಾರೆ. ಮಗುವಿಗೆ ಮಾತನಾಡಲು ಇಷ್ಟವಿದ್ದರೂ ದನಿ ಹೊರಡುವುದಿಲ್ಲ. ಬಹುಮಾನದ ಆಸೆ ತೋರಿಸುವುದು, ಎಲ್ಲರೆದುರು ನಿಲ್ಲಿಸಿ ಹೇಳಿಸುವುದು, ಶಿಕ್ಷಿಸುವುದು ಎಲ್ಲವೂ ಅದನ್ನು ಬಿಗಿಯಾಗಿಸುತ್ತವೆ. ಖಾಲಿ ತರಗತಿಯಲ್ಲಿ ಮೊದಲು ತಾಯಿಯೊಂದಿಗೆ ಆಟ, ನಂತರ ಶಿಕ್ಷಕಿ ದೂರದಲ್ಲಿ ಕುಳಿತಿರುವುದು, ಆಮೇಲೆ ಹತ್ತಿರ ಬರುವುದು – ಹೀಗೆ ಸಣ್ಣ ಸಣ್ಣ ಹಂತಗಳಲ್ಲಿ ಸಾಗಬೇಕು.

ಮಗುವಿಗೆ ಎಲ್ಲ ಪರೀಕ್ಷೆಯೂ ಸರಿಯಿದೆ, ಬುದ್ಧಿ ಚುರುಕಾಗಿದೆ, ಆದರೆ ನಾಲ್ಕು ವರ್ಷವಾದರೂ ವಾಕ್ಯ ಸರಿಹೊಂದುವುದಿಲ್ಲ. ಇದೇನು?

ಬೆಳವಣಿಗೆಯ ಭಾಷಾ ತೊಂದರೆ ಇರಬಹುದು. ಶೇಕಡ 7ರಷ್ಟು ಮಕ್ಕಳಲ್ಲಿ ಇದು ಕಾಣುತ್ತದೆ, ಅಂದರೆ 30 ಮಕ್ಕಳ ತರಗತಿಯಲ್ಲಿ ಇಬ್ಬರು. ಇಷ್ಟು ಸಾಮಾನ್ಯವಾದ ತೊಂದರೆಯ ಬಗ್ಗೆ ಇಷ್ಟು ಕಡಿಮೆ ಜನಕ್ಕೆ ತಿಳಿದಿದೆ ಎಂಬುದು ನನಗೆ ನೋವಿನ ಸಂಗತಿ. ಕಣ್ಣಿಗೆ ಕಾಣುವ ಲಕ್ಷಣವಿಲ್ಲ. ಮಗು ಕ್ರಿಯಾಪದದ ರೂಪಗಳನ್ನು, ವಿಭಕ್ತಿಗಳನ್ನು ತಪ್ಪಿಸುತ್ತದೆ, ಪದ ನೆನಪಾಗದೆ ‘ಅದು, ಅದು’ ಎನ್ನುತ್ತದೆ, ಉದ್ದನೆಯ ಸೂಚನೆಯಲ್ಲಿ ಮೊದಲ ಭಾಗವನ್ನಷ್ಟೇ ಹಿಡಿಯುತ್ತದೆ. ಶಾಲೆಯಲ್ಲಿ ಅದನ್ನು ‘ಗಮನವಿಲ್ಲ’, ‘ಸೋಮಾರಿ’ ಎಂದು ಕರೆಯುತ್ತಾರೆ. ಇದು ತಾನಾಗಿ ಹೋಗುವುದಿಲ್ಲ, ಓದಿನ ಮೇಲೂ ಪರಿಣಾಮ ಬೀರುತ್ತದೆ. ಸರಿಯಾದ ನೆರವು ಸಿಕ್ಕರೆ ಮಗು ಚೆನ್ನಾಗಿ ಮುಂದುವರಿಯುತ್ತದೆ.

ಚಿತ್ರ, ಸನ್ನೆ, ಮಾತನಾಡುವ ಟ್ಯಾಬ್ಲೆಟ್ ಕೊಟ್ಟರೆ ಮಗು ಸೋಮಾರಿಯಾಗಿ ಬಾಯಿಮಾತನ್ನೇ ಬಿಡುವುದಿಲ್ಲವೇ?

ಬಿಡುವುದಿಲ್ಲ. ಈ ಭಯವೇ ಎಷ್ಟೋ ಮಕ್ಕಳ ಅಮೂಲ್ಯ ವರ್ಷಗಳನ್ನು ಕಸಿದಿದೆ. ಇಂಥ ಪೂರಕ ಸಂವಹನ ವಿಧಾನಗಳಿಂದ ಬಾಯಿಮಾತು ಕುಂದುವುದಿಲ್ಲ, ಹಲವು ಮಕ್ಕಳಲ್ಲಿ ಹೆಚ್ಚುತ್ತದೆ ಎಂದು ಅಧ್ಯಯನಗಳ ಸಮೀಕ್ಷೆಗಳು ತೋರಿಸಿವೆ. ಬಾಯಿಮಾತು ಎಲ್ಲಕ್ಕಿಂತ ವೇಗದ ದಾರಿ, ಅದು ಸಾಧ್ಯವಾದ ದಿನ ಮಗು ಅದನ್ನೇ ಹಿಡಿಯುತ್ತದೆ. ಸಾಧ್ಯವಾಗದಿದ್ದರೆ? ಆಗ ‘ನೋಯುತ್ತಿದೆ’, ‘ಬೇಡ’, ‘ನನಗೆ ಭಯ’ ಎಂದು ಹೇಳಲು ಅದಕ್ಕೆ ಒಂದು ದಾರಿಯಾದರೂ ಇರುತ್ತದೆ. ಹೇಳಲಾಗದ ಮಗು ಕಚ್ಚುತ್ತದೆ, ತಲೆ ಬಡಿದುಕೊಳ್ಳುತ್ತದೆ. ಅದನ್ನು ಹಟ ಎಂದು ಕರೆಯುವ ಮುನ್ನ ಹೇಳುವ ಸಾಧನವನ್ನು ಕೈಗೆ ಕೊಡೋಣ.

ಡೌನ್ ಸಿಂಡ್ರೋಮ್ ಇರುವ ಮಕ್ಕಳಿಗೆ ಮಾತನಾಡುವುದಕ್ಕಿಂತ ಅರ್ಥಮಾಡಿಕೊಳ್ಳುವುದು ಬಹಳ ಮುಂದಿರುತ್ತದೆ, ಅವರಿಗೆ ಸನ್ನೆಗಳು ವಿಶೇಷವಾಗಿ ಒದಗುತ್ತವೆ. ಕಿವುಡು ಮಕ್ಕಳಿಗೆ ಸಂಜ್ಞಾ ಭಾಷೆ ಪೂರ್ಣ ಪ್ರಮಾಣದ ಭಾಷೆಯೇ. ಸಂಜ್ಞೆ ನೋಡುತ್ತ ಬೆಳೆಯುವ ಶಿಶುಗಳು ಕೈಯಲ್ಲೇ ತೊದಲುತ್ತವೆ ಎಂಬುದು 1991ರಲ್ಲಿ ದಾಖಲಾಗಿದೆ.

ಸಾಧನವನ್ನು ಕೊಟ್ಟು ದೂರ ಕುಳಿತರೆ ಆಗದು. ನೀವೂ ಆ ಚಿತ್ರಗಳನ್ನು ಮುಟ್ಟಿ ಮುಟ್ಟಿ ಮಾತನಾಡಬೇಕು.

ಯಾರ ಬಳಿ ಹೋಗಬೇಕು? ಮೊದಲ ಭೇಟಿಯಲ್ಲಿ ಏನಾಗುತ್ತದೆ?

ಶ್ರವಣಕ್ಕೆ ಆಡಿಯಾಲಜಿಸ್ಟ್, ಮಾತು ಮತ್ತು ಭಾಷೆಗೆ ಸ್ಪೀಚ್ ಥೆರಪಿಸ್ಟ್, ಒಟ್ಟು ಬೆಳವಣಿಗೆಗೆ ಮಕ್ಕಳ ವೈದ್ಯರು. ಸ್ಪೀಚ್ ಥೆರಪಿಸ್ಟ್ ಮೊದಲ ಭೇಟಿಯಲ್ಲಿ ಹೆಚ್ಚಾಗಿ ಆಟವಾಡುತ್ತಾರೆ, ನಿಮ್ಮೊಂದಿಗೆ ಮಾತನಾಡುತ್ತಾರೆ. ಮಗು ಅಲ್ಲಿ ಬಾಯಿ ಬಿಡದಿದ್ದರೆ ಕೆಲಸ ಕೆಟ್ಟಿತು ಎಂದುಕೊಳ್ಳಬೇಡಿ. ಮನೆಯಲ್ಲಿ ಆಟವಾಡುವ, ಉಣ್ಣುವ ಹೊತ್ತಿನ ಚಿಕ್ಕ ವಿಡಿಯೊಗಳನ್ನು, ಈಗ ಬರುವ ಪದ ಮತ್ತು ಸನ್ನೆಗಳ ಪಟ್ಟಿಯನ್ನು ಒಯ್ಯಿರಿ. ‘ಮುಂದಿನ ವಾರದವರೆಗೆ ಮನೆಯಲ್ಲಿ ನಾನು ಏನು ಮಾಡಬೇಕು?’ ಎಂದು ಕೇಳದೆ ಹೊರಗೆ ಬರಬೇಡಿ. ಪೋಷಕರನ್ನು ಬಾಗಿಲಾಚೆ ಕೂರಿಸಿ ಮಗುವನ್ನಷ್ಟೇ ಒಳಗೆ ಕರೆಯುವ ಕಡೆ, ನೀವೂ ಒಳಗಿರಬಹುದೇ ಎಂದು ಕೇಳಿ. ವಾರಕ್ಕೆ ಒಂದು ಗಂಟೆ ಅವರದು, ಉಳಿದ ಹೊತ್ತೆಲ್ಲ ನಿಮ್ಮದು.

ಇಷ್ಟೇ ದಿನಗಳಲ್ಲಿ ಮಾತು ತರಿಸುತ್ತೇವೆ ಎಂದು ಭರವಸೆ ಕೊಡುವವರಿಂದ ದೂರವಿರಿ.

ನಮ್ಮ ತಪ್ಪಿನಿಂದ ಹೀಗಾಯಿತೇ?

ಈ ಪ್ರಶ್ನೆಯನ್ನು ಹೆಚ್ಚಾಗಿ ತಾಯಂದಿರು ಕೇಳುತ್ತಾರೆ, ಅದೂ ಕೊನೆಯಲ್ಲಿ, ತಗ್ಗಿದ ದನಿಯಲ್ಲಿ. ಕೆಲಸಕ್ಕೆ ಹೋದದ್ದರಿಂದ, ಗರ್ಭಿಣಿಯಾಗಿದ್ದಾಗ ಅತ್ತದ್ದರಿಂದ, ಮಗುವನ್ನು ಬೇರೆಯವರ ಬಳಿ ಬಿಟ್ಟದ್ದರಿಂದ ಆಟಿಸಂ, ಉಗ್ಗು, ಭಾಷಾ ತೊಂದರೆ ಇವು ಯಾವುವೂ ಬರುವುದಿಲ್ಲ. ಮನೆಯಲ್ಲಿ ಯಾರಾದರೂ ತಾಯಿಯತ್ತ ಬೆರಳು ತೋರಿಸುತ್ತಿದ್ದರೆ ಅದನ್ನು ಈಗಲೇ ನಿಲ್ಲಿಸಬೇಕು. ಆಕೆಗೆ ಬೇಕಾದದ್ದು ಕೆಲಸ ಹಂಚಿಕೊಳ್ಳುವವರು, ಒಂದಿಷ್ಟು ನಿದ್ದೆ.

ಬಂದವರೆಲ್ಲ ಮಗುವಿಗೆ ‘ಹೇಳು, ಹೇಳು’ ಎಂದು ಒತ್ತಾಯಿಸುತ್ತಾರೆ. ಹಿರಿಯರಿಗೆ ಹೇಗೆ ತಿಳಿಸುವುದು?

ಬೇಡ ಎಂದಷ್ಟೇ ಹೇಳಿದರೆ ಹಿರಿಯರಿಗೆ ನೋವಾಗುತ್ತದೆ. ಅವರಿಗೊಂದು ಕೆಲಸ ಕೊಡಿ. ‘ಅಜ್ಜಿ, ನೀವು ಹಾಡು ಹೇಳಿ ಕೊನೆಯ ಪದ ಬಿಟ್ಟುಬಿಡಿ, ಅದೇನು ಮಾಡುತ್ತದೆ ನೋಡೋಣ’ ಎನ್ನಿ. ‘ಅಜ್ಜ, ಅದು ತೋರಿಸಿದ್ದರ ಹೆಸರು ನೀವು ಹೇಳಿದರೆ ಸಾಕು, ಅದರಿಂದ ಹೇಳಿಸಬೇಕಾಗಿಲ್ಲ’ ಎನ್ನಿ. ಅಕ್ಕಪಕ್ಕದವರು ‘ಇನ್ನೂ ಮಾತು ಬಂದಿಲ್ಲವೇ?’ ಎಂದು ಮಗುವಿನ ಮುಂದೆಯೇ ಕೇಳಿದರೆ, ಮಗುವಿಗೆ ಕೇಳಿಸುವಂತೆ, ಈಗ ಅದಕ್ಕೆ ಏನೇನು ಹೇಳಲು, ತೋರಿಸಲು ಬರುತ್ತದೆ ಎಂಬುದನ್ನೇ ಉತ್ತರವಾಗಿ ಕೊಡಿ. ಮಾತು ಬಾರದ ಮಗುವಿಗೂ ನಮ್ಮ ಮಾತು ಅರ್ಥವಾಗುತ್ತಿರುತ್ತದೆ.